ಮಂಗಳವಿಲ್ಲದ ರೆಕಾರ್ಡು

ರೆಕಾರ್ಡು ಕಂಪನಿಯವರ ಷರತ್ತು ಸರಳವಾಗಿತ್ತು. ಮೊದಲ ರೆಕಾರ್ಡಿನ ಬಗ್ಗೆ ನೂರು ಕೇಳುಗರ ಅಭಿಪ್ರಾಯ ಬರೆಸಿ ಕಳಿಸಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೆಚ್ಚಿರಬೇಕು. ಡಿಸೆಂಬರ್ ಹದಿನೈದರೊಳಗೆ ಹೈದರಾಬಾದಿಗೆ ಮುಟ್ಟಬೇಕು. ಹಾಗಾದರೆ ಆಡಕಿಯ ಭಾಗಮ್ಮನವರ ಎರಡನೇ ರೆಕಾರ್ಡು ಆಗುತ್ತದೆ, ಇಲ್ಲದಿದ್ದರೆ ಇಲ್ಲ.

ಇದು ೧೯೭೬ರ ಮಾತು. ನನ್ನನ್ನು ಈ ಕೆಲಸಕ್ಕೆ ಕರೆದವರು ಸೇಡಂ ಹೈಸ್ಕೂಲಿನ ವಿಜ್ಞಾನದ ಮಾಸ್ತರು ಸಾಬಣ್ಣ. ಹಿಂದಿನ ವರ್ಷ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹದಿಂದ ಟಿ.ವಿ. ಬಂದಿತ್ತು. ನೋಡಿದವರಿಗೆ ಏನನ್ನಿಸಿತು ಎಂದು ಬರೆದುಕೊಳ್ಳಲು ನನ್ನಂಥ ಕೆಲವರನ್ನು ತೆಗೆದುಕೊಂಡಿದ್ದರು. ನಾನು ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿದ್ದೆ. ನಾಲ್ಕು ತಿಂಗಳು ಆ ಕೆಲಸ ಮಾಡಿದೆ. ಐದನೇ ತಿಂಗಳು ಚಿತ್ತಾಪುರ ರಸ್ತೆಯಲ್ಲಿ ಒಂದು ಲಾರಿ ಮಗುಚಿತು. ನನ್ನ ಗಂಡ ಅದರಲ್ಲಿದ್ದರು. ಆಮೇಲೆ ನಾನು ಕೆಲಸಕ್ಕೆ ಹೋಗಲಿಲ್ಲ.

ಮಾಸ್ತರು ಬಂದು ಕೇಳಿದರು. ಅತ್ತೆ ಶಿವಕಾಂತಮ್ಮ ಒಳಗಿನಿಂದಲೇ ಅಂದರು: "ಮುಂಜಾನಿಂದ ಸಂಜಿತನ ಗೋಡಿ ನೋಡ್ಕೋತ ಕುಂದ್ರತಾಳ್ರೀ ಮಾಸ್ತರ. ಕರಕೊಂಡು ಹೋಗ್ರಿ. ಗೋಡಿ ಅಭಿಪ್ರಾಯ ಎಲ್ಲಾ ಬರದಾಗೇದ."

ಹೀಗೆ ನಾನು ಹೊರಟೆ.

ಟಿ.ವಿ. ಕೆಲಸದ ಫಾರಮುಗಳು ಒಂದು ಕಟ್ಟು ನನ್ನ ಟ್ರಂಕಿನಲ್ಲಿ ಉಳಿದಿದ್ದವು. 'ಟಿ.ವಿ. ಕಾರ್ಯಕ್ರಮ' ಎಂಬುದನ್ನು ಹೊಡೆದುಹಾಕಿ 'ರೆಕಾರ್ಡು' ಎಂದು ಬರೆದೆ. ಮೇಲೆ ಹೆಸರು, ಊರು, ವಯಸ್ಸು. ನಡುವೆ ನಾಲ್ಕು ಚೌಕ: ಬಹಳ ಹಿಡಿಸಿತು, ಹಿಡಿಸಿತು, ಹಿಡಿಸಲಿಲ್ಲ, ಹೇಳಲು ಬಾರದು. ಕೆಳಗೆ 'ಕಾರಣ' ಎಂದು ಎರಡು ಸಾಲು. ಆ ಕೆಲಸದಲ್ಲಿ ನಮಗೆ ಮೊದಲ ದಿನ ಕಲಿಸಿದ್ದು ಒಂದೇ ಮಾತು. ಹೇಳಿದ್ದನ್ನು ಬರೆಯಿರಿ, ಹೇಳದ್ದನ್ನು ಬರೆಯಬೇಡಿ.

ರೆಕಾರ್ಡಿನ ಹೆಸರು 'ಆಕಾಶದಾಗ ಐದು ಮನಿ'. ಅಂಗೈಗಿಂತ ತುಸು ದೊಡ್ಡದು, ಎರಡು ಮುಖ, ನಾಲ್ಕು ಹಾಡು. ಭಾಗಮ್ಮ ಹಗಲು ಹೊಲದಲ್ಲಿ ಕಸ ತೆಗೆಯುವವರು, ಅಮಾವಾಸ್ಯೆಗೆ ಆಡಕಿಯ ಮಠದಲ್ಲಿ ತತ್ವಪದ ಹಾಡುವವರು. ಐವತ್ತರ ಮೇಲೆ ವಯಸ್ಸು. ದನಿ ಸಣ್ಣದಲ್ಲ, ಸವಿಯಾದುದೂ ಅಲ್ಲ. ಕೇಳುತ್ತಿದ್ದರೆ ನಮ್ಮ ಒಳಗಿನ ಯಾವುದೋ ವಸ್ತುವನ್ನು ಯಾರೋ ಸರಿಸಿ ಇಟ್ಟಂತಾಗುತ್ತದೆ. ದೇಹವೆಂಬ ಮನೆ, ಅದರಲ್ಲಿ ನಾಲ್ಕು ದಿನ ಇರುವ ಜೀವ ಎಂದು ಅವರು ಹಾಡುವುದನ್ನು ಕೇಳಿ ಸಾಬಣ್ಣ ಮಾಸ್ತರರಿಗೆ ಒಂದು ಯೋಚನೆ ಬಂತು. ಆ ಜೀವವನ್ನೇ ರಾಕೆಟ್ಟಿನಲ್ಲಿ ಕೂರಿಸಿ ಗ್ರಹಗಳಿಗೆ ಕಳಿಸಿದರೆ ಹೇಗೆ? ಐದು ಹಾಡು ಬರೆದರು. ಭಾಗಮ್ಮ ಓದಿಸಿ ಕೇಳಿ, "ಜೀವ ಹೋಗೂದ್ ಹೋಗ್ತದ. ಬಂಡಿ ಆದ್ರೇನು, ರಾಕೆಟ್ ಆದ್ರೇನ್ರೀ ಮಾಸ್ತರ" ಎಂದು ತಾವೇ ಧಾಟಿ ಹಾಕಿದರಂತೆ.

ಕಥೆ ಇಷ್ಟು. ಜೀವಮ್ಮ ಎಂಬ ಹೆಣ್ಣು ಭೂಮಿ ಬೇಸರಾಗಿ ರಾಕೆಟ್ ಹತ್ತುತ್ತಾಳೆ. ಮೊದಲ ಮನೆಯಲ್ಲಿ ಹಸಿವಿಲ್ಲ. ಎರಡನೆಯದರಲ್ಲಿ ಎಲ್ಲ ಕೆಲಸ ಯಂತ್ರಗಳೇ ಮಾಡುತ್ತವೆ. ಮೂರನೆಯದರಲ್ಲಿ ಎಲ್ಲರಿಗೂ ಒಂದೇ ಮುಖ. ನಾಲ್ಕನೆಯದರಲ್ಲಿ ಸಾವಿಲ್ಲ.

*ಸಾಯದವರ ಊರಿಗೆ ಬಂದು ನಿಂತೆನವ್ವಾ*
*ಬಾಗಿಲಕ ಕದವಿಲ್ಲ, ಕದಕ ಕೀಲಿಲ್ಲ*
*ಬಂದವರ ಕೇಳಲಿಕೆ ಬಿಡುವಿಲ್ಲ ಇವರಿಗೆ*
*ಹೋದವರ ನೆನಸಲಿಕೆ ಹೋದವರೆ ಇಲ್ಲ*

ಅಲ್ಲಿಗೆ ರೆಕಾರ್ಡು ಮುಗಿಯುತ್ತದೆ. ಜೀವಮ್ಮನ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ. ಐದನೇ ಹಾಡಿಗೆ ಜಾಗ ಇರಲಿಲ್ಲ. ಉಳಿದದ್ದು ಎರಡನೇ ರೆಕಾರ್ಡಿಗೆ ಎಂದು ಕಂಪನಿಯವರು ಹೇಳಿದ್ದರು.

ಮೊದಲು ಸೇಡಂನಲ್ಲಿ, ಮಾಸ್ತರರ ಶಾಲೆಯಲ್ಲೇ ರೆಕಾರ್ಡು ಹಚ್ಚಿದೆವು. ಬ್ಯಾಟರಿಯ ಪ್ಲೇಯರ್ ಅವರದ್ದೇ. ಹನ್ನೆರಡು ಮಂದಿ ಶಿಕ್ಷಕರು ಕೇಳಿದರು. ಕೇಳಿ ಮುಗಿದೊಡನೆ ಗಣಿತದ ಮಾಸ್ತರು, "ನಾಲ್ಕು ಗ್ರಹಕ್ಕ ಹನ್ನೆರಡು ನಿಮಿಷ. ನಮ್ಮ ಚಿಂಚೋಳಿ ಬಸ್ಸಿಗಿ ಈಕೀನ್ನೇ ಡ್ರೈವರ್ ಮಾಡ್ಬೇಕು" ಎಂದರು. ಇನ್ನೊಬ್ಬರು, "ಗಾಳಿ ಇಲ್ಲದಲ್ಲಿ ದನಿ ಹ್ಯಾಂಗ ಕೇಳ್ತದ? ಸಾಬಣ್ಣ, ನೀ ವಿಜ್ಞಾನದ ಮಾಸ್ತರೋ ಕಂಪನಿ ನಾಟಕದ ಮಾಸ್ತರೋ?" ಎಂದರು. ಗಂಟೆ ಹೊಡೆಯಿತು. ಎಲ್ಲರೂ ಗೀಟು ಹಾಕಿ ಎದ್ದರು. ಏಳು ಮಂದಿಗೆ ಹಿಡಿಸಿತ್ತು, ಐದು ಮಂದಿಗೆ ಹಿಡಿಸಿರಲಿಲ್ಲ.

ಇದು ಸುಲಭದ ಕೆಲಸ ಎಂದುಕೊಂಡೆ.

ಚಿತ್ತಾಪುರದಲ್ಲಿ ಅನಸುಬಾಯಿ ಎಂಬವರ ಅಂಗಳದಲ್ಲಿ ಹದಿನಾಲ್ಕು ಹೆಂಗಸರು ಕೂಡಿದ್ದರು. ನಾನು ಹೋಗುವಷ್ಟರಲ್ಲಿ ನೆಲ ಸಾರಿಸಿ ಮಣೆ ಇಟ್ಟಿದ್ದರು. ಪ್ಲೇಯರನ್ನು ಮಣೆಯ ಮೇಲೆ ಇಡಿಸಿದರು, ಅದಕ್ಕೆ ಕುಂಕುಮ ಹಚ್ಚಿದರು, ಕಾಯಿ ಒಡೆದರು. ನಾನು ಬೇಡ ಅನ್ನಲಿಲ್ಲ. ಎರಡೂ ಮುಖ ಕೇಳಿದರು. ಮುಳ್ಳು ಕೊನೆಗೆ ಬಂದು ಕರಕರ ಎಂದಿತು. ಎತ್ತಿ ಇಟ್ಟೆ. ಯಾರೂ ಏಳಲಿಲ್ಲ.

"ಮುಂದಿಂದು ಹಚ್ರಿ ಅಕ್ಕೋರ" ಎಂದರು ಅನಸುಬಾಯಿ.

"ಇಷ್ಟೇ ಇರೋದು."

"ಇಷ್ಟೇ ಅಂದ್ರ? ಮಂಗಳ?"

"ಮಂಗಳ ಇದರಾಗ ಇಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಫಾರಮು ತೆಗೆದು, ಹಾಡು ಹಿಡಿಸಿತೇ ಎಂದು ಮೊದಲಿನವರನ್ನು ಕೇಳಿದೆ.

"ಮುಗೀಲಿ, ಹೇಳ್ತೀನಿ."

ಎರಡನೆಯವರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು. ಮೂರನೆಯವರು ಸ್ವಲ್ಪ ಸಿಟ್ಟಾದರು. "ಭಜನಿಗಿ ಕುಂತ ಮ್ಯಾಲ ಮಂಗಳ ಆಗೂತನ ಏಳಂಗಿಲ್ಲ. ನಿಮ್ಮ ಧಾರವಾಡದಾಗ ಏಳ್ತಾರೇನು? ಆ ಹೆಣಮಗಳು ಅಲ್ಲಿ ಹೊಸ್ತಿಲ ಮ್ಯಾಲ ನಿಂತಾಳ. ಇಲ್ಲಿ ನೀವು ಛಂದ ಅದನೋ ಇಲ್ಲೋ ಅಂತ ಕೇಳಾಕತ್ತೀರಿ."

ಎಮ್ಮೆಗಳು ಮನೆಗೆ ಬರುವವರೆಗೆ ಕುಳಿತಿದ್ದರು. ಆಮೇಲೆ ಒಬ್ಬೊಬ್ಬರೇ ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡು, ತಪ್ಪು ಮಾಡಿದವರ ಹಾಗೆ ಎದ್ದು ಹೋದರು. ಹದಿನಾಲ್ಕು ಫಾರಮಿನಲ್ಲೂ ಹೆಸರು ಬರೆದುಕೊಂಡೆ. ಹದಿನಾಲ್ಕರಲ್ಲೂ ಕೊನೆಯ ಚೌಕಕ್ಕೆ ಗೀಟು ಹಾಕಿದೆ: ಹೇಳಲು ಬಾರದು.

ವಾಡಿಯಲ್ಲಿ ರೈಲ್ವೆ ಕ್ವಾರ್ಟರ್ಸಿನ ಇಮಾಮ್‌ಬೀಯ ಮನೆ. ಅವಳ ಗಂಡ ಬಂದೇಅಲಿ ಹಳಿಯ ಕೆಲಸದವನು. ಹನ್ನೊಂದು ಮಂದಿ ಬಂದಿದ್ದರು, ಮುಕ್ಕಾಲು ಪಾಲು ಮುಸಲ್ಮಾನರು. ಇಲ್ಲಿ ಮಂಗಳದ ತೊಡಕು ಬರಲಾರದು ಎಂದುಕೊಂಡಿದ್ದೆ. ರೆಕಾರ್ಡು ಮುಗಿಯಿತು. ಯಾರೂ ಏಳಲಿಲ್ಲ.

"ಫಾತಿಹಾ ಓದಿ ಮುಗಸೂಕಿಂತ ಮೊದಲ ಸಕ್ಕರಿ ಬಾಯಾಗ ಹಾಕ್ಕೊಂಡು, ಸವಿ ಅದನೋ ಸಪ್ಪಗ ಅದನೋ ಅಂತ ಹೇಳ್ತಾರೇನ್ರೀ?" ಎಂದಳು ಇಮಾಮ್‌ಬೀ.

ಬಂದೇಅಲಿ ಬೀಡಿ ಆರಿಸಿದ. "ಗಾಡಿ ಔಟರ್ ಸಿಗ್ನಲ್‌ನ್ಯಾಗ ನಿಂತದ ಮೇಡಂ. ಒಳಗ ಬರ್ಲಿ. ಟೈಮಿಗಿ ಬಂತೋ ಇಲ್ಲೋ ಆಮ್ಯಾಲ ಹೇಳ್ತೀನಿ."

"ನಿಂದು ಯಾವ ಗಾಡಿ ಟೈಮಿಗಿ ಬಂದದ?" ಎಂದಳು ಇಮಾಮ್‌ಬೀ. ಎಲ್ಲರೂ ನಕ್ಕರು. ಆದರೂ ಹನ್ನೊಂದು ಮಂದಿಯಲ್ಲಿ ಒಬ್ಬರೂ ಅಭಿಪ್ರಾಯ ಹೇಳಲಿಲ್ಲ.

ಚಿಂಚೋಳಿಯಲ್ಲಿ ಬ್ಯಾಟರಿ ಇಳಿದಿತ್ತು. ಮೂರನೇ ಹಾಡಿನಿಂದ ರೆಕಾರ್ಡು ನಿಧಾನವಾಗಿ ತಿರುಗಿತು, ಭಾಗಮ್ಮನವರ ದನಿ ಗಂಡಸಿನದ್ದಾಯಿತು. ನಾನು ನಿಲ್ಲಿಸಲು ಹೋದೆ. ಒಬ್ಬ ಮುದುಕರು ಕೈ ಅಡ್ಡ ಹಿಡಿದರು. "ಇರ್ಲಿ ಬಿಡವ್ವಾ. ಅಷ್ಟು ಮ್ಯಾಲ ಏರ್ಯಾಳ, ದಣದಾಳ. ದನಿ ಕುಗ್ಗೂದೇ." ಬಹಳ ಮನಸ್ಸಿಟ್ಟು ಕೇಳಿದರು. ಕೊನೆಗೆ ಹದಿನಾರು ಮಂದಿಯೂ ಕುಳಿತೇ ಇದ್ದರು. ಕಡೆಯ ಬಸ್ಸಿಗೆ ಹೊತ್ತಾಗಿತ್ತೆಂದು ನಾನೇ ಮೊದಲು ಎದ್ದೆ. ಅದನ್ನು ಅವರು ಗಮನಿಸಿದರು.

ಸೇಡಂಗೆ ಬಂದು ಮಾಸ್ತರರ ಮುಂದೆ ಲೆಕ್ಕ ಇಟ್ಟೆ. ಐವತ್ತಮೂರು ಫಾರಮು ಆಗಿದ್ದವು. ಮೆಚ್ಚಿದವರು ಏಳು. ಹೇಳಲು ಬಾರದವರು ನಲವತ್ತೊಂದು. ಉಳಿದ ನಲವತ್ತೇಳು ಫಾರಮಿಗೆ ಶಹಾಬಾದ ಒಂದೇ ಬಾಕಿ. ಅಲ್ಲಿ ನಲವತ್ತನಾಲ್ಕು ಮಂದಿ ಮೆಚ್ಚಿದರೆ ಮಾತ್ರ ಅರ್ಧ ದಾಟುತ್ತದೆ.

ಮಾಸ್ತರು ಪೆನ್ನು ತೆಗೆದರು. "ಬಾಯಾರ, ಹಿಡಿಸ್ತಂತನೇ ಅಲ್ರೀ ಅವರು ಕುಂತಿದ್ದು? ಹಿಡಿಸದಿದ್ರ ಎದ್ದು ಹೋಗ್ತಿದ್ರು. ಗೀಟು ಒಂದು ಚೌಕ ಆಕಡಿಂದ ಈಕಡಿ ಬಂದ್ರ ಯಾರಿಗೇನು ಲುಕ್ಸಾನ?"

"ಅದು ನಿಮ್ಮ ಅಭಿಪ್ರಾಯ ಮಾಸ್ತರ. ನಿಮ್ಮ ಹೆಸರಿಲೆ ಬೇಕಾದ್ರ ಒಂದು ಫಾರಂ ಬರೀತೀನಿ."

ಅವರು ಪೆನ್ನು ಕಿಸೆಯಲ್ಲಿಟ್ಟುಕೊಂಡರು.

ಮರುದಿನ ಭಾಗಮ್ಮ ಆಡಕಿಯಿಂದ ನಡೆದು ಬಂದರು. ಅತ್ತೆ ಅವರಿಗೆ ನೀರು ಕೊಟ್ಟು, ಚಹಾ ಇಟ್ಟರು. ನಾನು ನಡೆದದ್ದನ್ನು ಹೇಳಿದೆ. ಹಾಡಿಗೆ ಜನ ಅಷ್ಟು ಹೊತ್ತು ಕಾದರೆಂದು ಕೇಳಿ ಅವರಿಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಎಷ್ಟು ಮಂದಿ ಅಂದಿ?"

"ನಲವತ್ತೊಂದು."

"ಯವ್ವಾ, ನಲವತ್ತೊಂದು ಮಂದೀನ ನಡುದಾರ್ಯಾಗ ಕುಂದರಿಸಿ ಬಂದ್ಯಾ?" ಲೋಟ ದೂರ ಸರಿಸಿ, "ನಿಂದೇನು ತಪ್ಪು. ಕುಂದರಿಸಿದಾಕಿ ನಾನು" ಎಂದರು.

"ನೀವೇ ಶಹಾಬಾದಕ್ಕ ಬಂದು ರೆಕಾರ್ಡಿನ ಕೊನಿಗಿ ಒಂದು ಮಂಗಳ ಹೇಳಿಬಿಟ್ರ?" ಎಂದೆ.

"ಆಕಿ ಇನ್ನಾ ಮ್ಯಾಲ ಅದಾಳ. ಐದನೇ ಮನಿ ಹಾಡಿ ಆಕೀನ ಇಳಿಸಿದ ಮ್ಯಾಲ ಮಂಗಳ. ಐದನೇದು ಹಾಡಂಗಿಲ್ಲ. ಕಾಗದಕ್ಕ ಸಹಿ ಮಾಡೀನಿ."

ಕಾಗದ ಮಾಸ್ತರರ ಬಳಿ ಇತ್ತು. ಓದಿದೆ. ಐದನೇ ಹಾಡನ್ನು ರೆಕಾರ್ಡು ಆಗುವ ಮೊದಲು ಜನರ ಮುಂದೆ ಹಾಡಿದರೆ ಒಪ್ಪಂದ ಮುರಿದಂತೆ. ಭಾಗಮ್ಮ ಅದನ್ನು ಆಡಕಿಯ ಮಠದಲ್ಲೂ ಹಾಡಿರಲಿಲ್ಲ. ಹೊಲದಲ್ಲಿ ಒಬ್ಬರೇ ಇದ್ದಾಗ ಹಾಡಿಕೊಳ್ಳುತ್ತಿದ್ದರಂತೆ.

"ನನಗ ಹೆಸರು ಬೇಕಾಗಿಲ್ಲವ್ವಾ" ಎಂದರು. "ಐದುನೂರು ರೆಕಾರ್ಡು ಮಾಡ್ಯಾರಂತ. ಎಲ್ಲೆಲ್ಲಿ ಹಚ್ತಾರೋ ಅಲ್ಲೆಲ್ಲಾ ಆಕಿ ಹೊಸ್ತಿಲ ಮ್ಯಾಲೇ ನಿಂದರತಾಳ. ಎರಡನೇದು ಆಗ್ಲಿಲ್ಲಂದ್ರ ಅಷ್ಟೂ ಕಡೆ ನಿಂತೇ ಇರ್ತಾಳ. ಅದಕ್ಕ ಅದು ಆಗಬೇಕು. ನಾನೂ ಬರ್ತೀನಿ, ನಡಿ. ಹಾಡೂದಿಲ್ಲ. ಸುಮ್ನ ನೋಡ್ತೀನಿ."

ಶಹಾಬಾದದಲ್ಲಿ ಖಾಜಾಮಿಯಾ ಅವರ ಪಾಲಿಶ್ ಕಾರ್ಖಾನೆ. ಫರಸಿ ಕಲ್ಲು ಕೊಯ್ದು, ಉಜ್ಜಿ, ನುಣುಪು ಮಾಡುವ ಜಾಗ. ಮಧ್ಯಾಹ್ನ ಒಂದರಿಂದ ಎರಡು ಊಟದ ಬಿಡುವು. "ಒಂದು ತಾಸು" ಎಂದು ಖಾಜಾಮಿಯಾ ಬೆರಳು ಎತ್ತಿ ತೋರಿಸಿದರು. "ಎರಡಕ್ಕ ಮಷೀನ್ ಚಾಲೂ. ಹಾಡು ನಿಮ್ದು, ಕರೆಂಟು ನಂದು."

ಪೇರಿಸಿಟ್ಟ ಕಲ್ಲಿನ ಥಪ್ಪಿಗಳ ಮೇಲೆ ನಲವತ್ತಾರು ಮಂದಿ ಕುಳಿತರು. ಗಂಡಸರು, ಹೆಂಗಸರು. ಎಲ್ಲರ ರೆಪ್ಪೆಯ ಮೇಲೂ ಬಿಳಿ ಹುಡಿ. ಭಾಗಮ್ಮ ಸೆರಗು ಮುಂದೆ ಎಳೆದುಕೊಂಡು ನನ್ನ ಪಕ್ಕ ಕುಳಿತರು. ಇವರೇ ಹಾಡಿದವರು ಎಂದು ನಾನು ಹೇಳಲಿಲ್ಲ. ಹೇಳಿದರೆ ಅಭಿಪ್ರಾಯ ಕೆಡುತ್ತದೆ.

ಹೊಸ ಬ್ಯಾಟರಿ ಹಾಕಿದ್ದೆ. ಎರಡನೇ ಹಾಡು ಬಂದಾಗ, ಯಂತ್ರಗಳೇ ಎಲ್ಲ ಕೆಲಸ ಮಾಡುತ್ತವೆ ಎಂಬಲ್ಲಿ, ಚಂದ್ರಾಮ ಎಂಬ ಕಲ್ಲು ಕೊಯ್ಯುವವನು ಜೋರಾಗಿ ನಕ್ಕ. ಅವನ ಬಲಗೈಯಲ್ಲಿ ಮೂರು ಬೆರಳಿದ್ದವು. ನಾಲ್ಕನೇ ಹಾಡಿಗೆ ಯಾರೂ ನಗಲಿಲ್ಲ. ಮುಗಿಯಿತು. ನಾನು ಫಾರಮು ತೆಗೆದೆ. ಅದೇ ಆಯಿತು.

ಎರಡು ಗಂಟೆಗೆ ಸಿಮೆಂಟ್ ಕಾರ್ಖಾನೆಯ ಭೋಂಗಾ ಕೂಗಿತು. ಖಾಜಾಮಿಯಾ ಹೋಗಿ ಸ್ವಿಚ್ಚು ಹಾಕಿದರು. ಮಷೀನಿನ ಪಟ್ಟಾ ತಿರುಗತೊಡಗಿತು. ಒಬ್ಬರೂ ಕಲ್ಲಿನ ಮೇಲಿಂದ ಇಳಿಯಲಿಲ್ಲ.

"ಏ, ಏಳ್ರಲೇ! ಹಾಡು ಮುಗೀತು!"

ಮಷೀನಿಗೆ ನೀರು ಹೊಯ್ಯುವ ರಶೀದಾಬೇಗಂ ಎಲ್ಲರಿಗಿಂತ ಹಿರಿಯಳು. ಕುಳಿತಲ್ಲಿಂದಲೇ ಕೂಗಿದಳು: "ಮಾಲಕ್, ಆಕಿ ಹೊಸ್ತಿಲ ಮ್ಯಾಲ ನಿಂತಾಳ. ನೀವು ಮಸೂತಿ ಮುಂದ ಹತ್ತು ನಿಮಿಷ ನಿಂತ್ರ ಮೊಳಕಾಲು ನೋಯ್ತಾವ ಅಂತ ಖುರ್ಚಿ ತರಸ್ತೀರಿ."

"ಆಕಿ ನಿಂತ್ರ ನನ್ನ ಕಲ್ಲು ಯಾಕ ನಿಂದರಬೇಕು?"

"ಆಕೀಗಿ ಖುರ್ಚಿ ಕಳಸ್ರಿ, ನಾವು ಏಳ್ತೀವಿ" ಎಂದ ಚಂದ್ರಾಮ.

ನಗೆ ಎದ್ದಿತು. ಖಾಜಾಮಿಯಾ ಬೈದರು, ಎರಡು ಸಲ ಅತ್ತಿಂದಿತ್ತ ಓಡಾಡಿದರು. ಆಮೇಲೆ ಸ್ವಿಚ್ಚು ತೆಗೆದು ತಾವೂ ಒಂದು ಕಲ್ಲಿನ ಮೇಲೆ ಕುಳಿತರು. "ಏನಾರ ಮಾಡ್ರಿ ಬಾಯಿ" ಎಂದು ನನಗೆ ಹೇಳಿದರು. "ಮುಗಸ್ರಿ ಒಮ್ಮಿ."

ಭಾಗಮ್ಮ ನನ್ನ ಕಡೆ ನೋಡಿದರು.

"ಹಾಡಬ್ಯಾಡ್ರಿ" ಎಂದೆ. "ಹಾಡಿದ್ರ ಕಾಗದ ಮುರೀತದ. ಎರಡನೇ ರೆಕಾರ್ಡು ಆಗೂದಿಲ್ಲ."

"ಇವರು ಏಳ್ತಾರೇನು ಮತ್ತ?"

ಏಳುತ್ತಾರೆ ಎಂದು ಹೇಳಬಹುದಿತ್ತು. ಸಂಜೆಗೆ ಏಳಲೇಬೇಕಿತ್ತು.

ಅವರು ಸೆರಗು ಹಿಂದೆ ಸರಿಸಿದರು, ಕಣ್ಣು ಮುಚ್ಚಿದರು, ಹಾಡಿದರು. ಮೊದಲ ಸಾಲಿಗೇ ಜನಕ್ಕೆ ದನಿಯ ಗುರುತು ಸಿಕ್ಕಿತು. ರಶೀದಾಬೇಗಂ ತಲೆಯ ಮೇಲೆ ಸೆರಗು ಹಾಕಿಕೊಂಡಳು.

ಐದನೇ ಹಾಡಿನಲ್ಲಿ ಜೀವಮ್ಮ ಆ ಹೊಸ್ತಿಲಿನಿಂದ ಕಾಲು ಹಿಂದೆ ತೆಗೆಯುತ್ತಾಳೆ. ಭೂಮಿಗೆ ಬರುತ್ತಾಳೆ. ಹಸಿವು ಹಾಗೇ ಇದೆ, ಕೆಲಸ ಹಾಗೇ ಇದೆ. ಹೋಗುವಾಗ ಇದ್ದ ಕೆಲವರು ಈಗ ಇಲ್ಲ. ಓಣಿಯಲ್ಲಿ ಯಾರೋ ಅವರ ಹೆಸರು ಹಿಡಿದು ಕೂಗುತ್ತಾರೆ. ತಿರುಗಿ ನೋಡಿದರೆ ಒಂದು ಸಣ್ಣ ಕೂಸು ಓಡಿ ಹೋಗುತ್ತದೆ.

*ಹೋದವರ ಹೆಸರಿಟ್ಟು ಬಂದವರ ಕರೆಯುವ*
*ಊರವ್ವಾ ಇದು, ನನ್ನ ಊರು*

ಭಾಗಮ್ಮ ನಡುವೆ ಎರಡು ಸಲ ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ಅಳುತ್ತೇನೆ ಎಂದುಕೊಂಡಿದ್ದರೋ ಏನೋ. ನಾನು ಅಳಲಿಲ್ಲ. ಫಾರಮುಗಳು ಗಾಳಿಗೆ ಹಾರದಂತೆ ಹಿಡಿದುಕೊಂಡಿದ್ದೆ.

ಮಂಗಳ ಹೇಳಿದರು. ನಲವತ್ತೇಳು ಮಂದಿ ಒಟ್ಟಿಗೆ ಎದ್ದರು, ಬಟ್ಟೆ ಝಾಡಿಸಿದರು, ಹುಡಿ ಮೇಲೆದ್ದಿತು. ಆಮೇಲೆ ನನ್ನ ಸುತ್ತ ಮುತ್ತಿ, ನನ್ನದು ಮೊದಲು ನನ್ನದು ಮೊದಲು ಎಂದು ಅಭಿಪ್ರಾಯ ಹೇಳಿದರು. ನಲವತ್ತೈದು ಮಂದಿಗೆ ಬಹಳ ಹಿಡಿಸಿತ್ತು. ಖಾಜಾಮಿಯಾ, ಒಂದು ತಾಸಿನ ಕೆಲಸ ಹೋಯಿತೆಂದು 'ಹಿಡಿಸಲಿಲ್ಲ' ಬರೆಸಿದರು, ಬರೆಸಿ, "ದನಿ ಛಲೋ ಅದ, ಅದೂ ಬರೀರಿ" ಎಂದರು. ಚಂದ್ರಾಮನಿಗೆ ಯಂತ್ರಗಳ ಊರು ಹಿಡಿಸಿರಲಿಲ್ಲ. "ಮಷೀನು ತಾನೇ ಕೆಲಸ ಮಾಡತಿದ್ರ ನನ್ನ ಬೆರಳು ಹ್ಯಾಂಗ ಹೋದ್ವು? ಸುಳ್ಳು" ಎಂದ.

ನಲವತ್ತೈದು ಮತ್ತು ಏಳು, ಐವತ್ತೆರಡು. ಅರ್ಧ ದಾಟಿತ್ತು.

ಸೇಡಂನಲ್ಲಿ ನಮ್ಮ ಮನೆಗೆ ಬಂದ ಸಾಬಣ್ಣ ಮಾಸ್ತರು ಫಾರಮುಗಳನ್ನು ನೋಡಿ ಮೊದಲು ಕುಣಿದರು. ಆಮೇಲೆ 'ಕಾರಣ' ಓದಿದರು. ಜೀವಮ್ಮ ತಿರುಗಿ ಬಂದಳು ಅದಕ್ಕೆ. ಐದನೇ ಹಾಡು ಎಲ್ಲಕ್ಕಿಂತ ಛಲೋ. ಸತ್ತವರ ಹೆಸರಿಡುವ ಮಾತು ಖರೆ. ಮಂಗಳ ಬಹಳ ಚಂದ ಹೇಳಿದರು. ಒಂದೊಂದರಲ್ಲೂ ಅದೇ. ಭಾಗಮ್ಮ ಐದನೇ ಹಾಡು ಹಾಡಿದರೆಂದು ಕಂಪನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಕಾರಣ ಕೆಳಗ ಅದ" ಎಂದರು ಮಾಸ್ತರು. ಕತ್ತರಿ ಹುಡುಕುತ್ತಿದ್ದರು. "ಕೆಳಗಿನ ಎರಡು ಸಾಲು ಕತ್ತರಿಸಿದ್ರ ಫಾರಂ ಫಾರಮ್ಮೇ. ಇದು ಸುಳ್ಳಲ್ಲ ಬಾಯಾರ. ನೀವು ಸುಳ್ಳು ಬರೆಯೂದು ಬ್ಯಾಡ. ಗೀಟು ಅವರೇ ಹಾಕ್ಸ್ಯಾರ."

ಅದು ಸುಳ್ಳೋ ಅಲ್ಲವೋ ನನಗೆ ಥಟ್ಟನೆ ಹೊಳೆಯಲಿಲ್ಲ. "ಭಾಗಮ್ಮನವರನ್ನ ಕೇಳೋಣ" ಎಂದೆ.

ನನ್ನ ಜೊತೆಗೇ ಬಂದು ಒಳಗಿದ್ದ ಭಾಗಮ್ಮನವರಿಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತಿತ್ತು. "ಓದು" ಎಂದರು. ನಲವತ್ತೇಳನ್ನೂ ಓದಿದೆ. ಚಂದ್ರಾಮನದ್ದನ್ನು ಎರಡು ಸಲ ಓದಿಸಿದರು. ಮಾಸ್ತರು ಕತ್ತರಿ ಹಿಡಿದು ನಿಂತಿದ್ದರು.

"ಇದನ್ನ ಕತ್ತರಿಸಿದ್ರ ಉಳಿಯೂದೇನ್ರೀ ಮಾಸ್ತರ?"

"ಗೀಟು."

"ನಾ ಗೀಟಿನ ಸಲುವಾಗಿ ಹಾಡಿಲ್ಲ. ಅವರು ಬಾಯಿ ಬಿಟ್ಟು ಹೇಳ್ಯಾರ, ಈಕಿ ಬರಕೊಂಡಾಳ. ಹಂಗೇ ಕಳಸ್ರಿ."

"ರೆಕಾರ್ಡು ಆಗೂದಿಲ್ಲ, ಭಾಗಮ್ಮ."

"ಆಗದಿದ್ರ ಆಗೂದಿಲ್ಲ." ಹಾಗೆಂದು ಗೋಡೆಯ ಕಡೆ ತಿರುಗಿ ಕುಳಿತರು. ಅತ್ತೆ ಎದ್ದು ಹೋಗಿ ಅವರ ಪಕ್ಕ ಕುಳಿತು ಎಲೆ ಅಡಿಕೆ ಮಡಚತೊಡಗಿದರು.

ಐವತ್ತಮೂರು ಮತ್ತು ನಲವತ್ತೇಳು, ನೂರು ಫಾರಮನ್ನೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಅದಕ್ಕೂ ಮೊದಲು ಹೆಸರು, ವಿಳಾಸಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಟಿ.ವಿ. ಕೆಲಸದಲ್ಲಿ ಹಾಗೆ ಮಾಡುವ ರೂಢಿ ಇತ್ತು.

ಜನವರಿಯಲ್ಲಿ ಉತ್ತರ ಬಂತು. ಇಂಗ್ಲಿಷಿನಲ್ಲಿ ಐದು ಸಾಲು. ಅಭಿಪ್ರಾಯ ಸಂಗ್ರಹಕ್ಕೆ ಧನ್ಯವಾದ ಹೇಳಿದ್ದರು. ಕಲಾವಿದೆಯು ಐದನೇ ಗೀತೆಯನ್ನು ಸಾರ್ವಜನಿಕವಾಗಿ ಹಾಡಿರುವುದರಿಂದ ಒಪ್ಪಂದ ರದ್ದಾಗಿದೆ, ಎರಡನೇ ರೆಕಾರ್ಡಿನ ವಿಚಾರ ಕೈಬಿಡಲಾಗಿದೆ ಎಂದಿದ್ದರು. ಮಾಸ್ತರು ಎರಡು ದಿನ ಶಾಲೆಗೆ ರಜೆ ಹಾಕಿದರು.

ನಾನು ಆಡಕಿಗೆ ಹೋದೆ. ಭಾಗಮ್ಮ ಕಣದಲ್ಲಿ ತೊಗರಿ ತೂರುತ್ತಿದ್ದರು. ಕಾಗದವನ್ನು ಕನ್ನಡದಲ್ಲಿ ಹೇಳಿದೆ. ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ರದ್ದು ಅಂದ್ರ ಏನು? ಕಾಗದ ಈಗ ಇಲ್ಲೇನು?"

"ಇಲ್ಲ."

"ನಾ ಹಾಡಿದ್ರ ಈಗ ಯಾರ ಅಪ್ಪಣಿ ಬೇಕು?"

"ಯಾರದೂ ಬ್ಯಾಡ."

"ಆ ನಲವತ್ತೊಂದು ಮಂದಿ ಹೆಸರು ನಿನ್ನ ಹಂತ್ಯಾಕ ಅವಲ್ಲ?"

ಇವೆ ಎಂದೆ. ರೆಕಾರ್ಡು ಕೊಂಡುಕೊಂಡ ಐದುನೂರು ಮಂದಿಯ ಹೆಸರು ಮಾತ್ರ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ತೊಗರಿ ಮುಗಿದ ಮೇಲೆ ಹೊರಟೆವು. ಮೊದಲು ಚಿತ್ತಾಪುರ. ಅನಸುಬಾಯಿಯ ಅಂಗಳಕ್ಕೆ ಹದಿನಾಲ್ಕು ಮಂದಿಯೂ ಬಂದರು, ಇನ್ನೂ ಮೂವತ್ತು ಜನ ಬಂದರು. ಭಾಗಮ್ಮ ನಾಲ್ಕನೇ ಮನೆಯ ಕೊನೆಯ ಸಾಲು ಹಿಡಿದು, ಐದನೆಯದನ್ನು ಹಾಡಿ, ಮಂಗಳ ಹೇಳಿ ಮುಗಿಸಿದರು. ಅಭಿಪ್ರಾಯ ನಾನು ಕೇಳಲಿಲ್ಲ. ಯಾರಿಗೆ ಕಳಿಸುವುದು?

ವಾಡಿಯಲ್ಲಿ ಇಮಾಮ್‌ಬೀಯ ಮನೆಯಲ್ಲಿ ಹತ್ತು ಮಂದಿ ಸೇರಿದರು. ಬಂದೇಅಲಿ ಡ್ಯೂಟಿಯ ಮೇಲಿದ್ದ. ಹಾಡು ಮುಗಿದು ಎಲ್ಲರೂ ಎದ್ದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಇಮಾಮ್‌ಬೀ ಬಾಗಿಲಿಗೆ ಅಡ್ಡ ನಿಂತಳು.

"ನಂದು ಬರ್ಕೊಳ್ಳೂದಿಲ್ಲೇನು? ಆವತ್ತು ಕೇಳಿದ್ರಿ, ಇವತ್ತು ಹೇಳ್ತೀನಿ."

"ಕಂಪನಿಯವರು ಮುಗಿಸಿಬಿಟ್ಟಾರ. ಕಳಸೂದಿಲ್ಲ ಈಗ."

"ಕಂಪನಿಗಿ ಯಾರ್ ಹೇಳ್ಯಾರ? ನಿಮಗ ಹೇಳಾಕತ್ತೀನಿ. ಕುಂದ್ರಿ."

ಕುಳಿತೆ. ಚೀಲದ ತಳದಲ್ಲಿ ಫಾರಮು ಇನ್ನೂ ಇದ್ದವು. ಒಂದನ್ನು ತೆಗೆದು ಹೆಸರು ಬರೆದೆ.

"ಹಿಡಿಸಲಿಲ್ಲ" ಎಂದಳು ಇಮಾಮ್‌ಬೀ.

ಪಕ್ಕದ ಮನೆಯವಳು, "ಏ, ಅಷ್ಟು ದೂರಿಂದ ಬಂದು ಹಾಡ್ಯಾರ" ಎಂದಳು.

"ಹಾಡ್ಯಾರ, ಛಂದ ಹಾಡ್ಯಾರ. ನನಗ ಹಿಡಿಸಲಿಲ್ಲ. ಆಕಿ ಸಾವಿಲ್ಲದ ಊರು ಬಿಟ್ಟು ಬರಬಾರದಿತ್ತು. ಬಾಗಿಲಿಗಿ ಕದಾ ಸುದ್ದಾ ಇರಲಿಲ್ಲ, ಒಳಗ ಹೋಗಬೇಕಿತ್ತು. ನನ್ನ ಕೂಸು ಎರಡು ವರ್ಷದ್ದು ಹೋತು. ನಾನಾಗಿದ್ರ ಅದನ್ನ ಬಗಲಾಗ ಎತ್ತಿಕೊಂಡು ಒಳಗ ಹೋಗಿ ಕುಂದರತಿದ್ದೆ. ಮತ್ತೊಂದು ಕೂಸಿಗಿ ಅದರ ಹೆಸರಿಟ್ಟು ಕರೀಬೇಕಂತ. ಇಟ್ಟೀನಲ್ಲ. ನಜಮುನ್ನೀಸಾ ಅಂತ ಕರದ್ರ ಇದು ಬರ್ತದ, ಅದು ಬರೂದಿಲ್ಲ."

ಭಾಗಮ್ಮ ಕೇಳುತ್ತಿದ್ದರು. "ನೀ ಅನ್ನೂದೂ ಖರೆ ಅದ ತಾಯಿ" ಎಂದರು.

ನಾನು ಮೂರನೇ ಚೌಕಕ್ಕೆ ಗೀಟು ಹಾಕಿದೆ. ಕಾರಣ ಬರೆಯತೊಡಗಿದೆ. ಎರಡು ಸಾಲು ತುಂಬಿದವು. ಇಮಾಮ್‌ಬೀ ಇನ್ನೂ ಹೇಳುತ್ತಿದ್ದಳು, ಕೂಸಿನ ಜ್ವರ, ಆ ದಿನ ತಡವಾಗಿ ಬಂದ ಗಾಡಿ, ಆಸ್ಪತ್ರೆಯ ಮೆಟ್ಟಿಲು. ಹಾಳೆ ತಿರುವಿ ಹಿಂದೆ ಬರೆದೆ. ಅಂಚಿನವರೆಗೆ ಬರೆದು, ಇನ್ನೊಂದು ಫಾರಮು ತೆಗೆದುಕೊಂಡೆ.